ಓಟ ಮುಗಿದ ಮೇಲಿನ ಕಂಬಳಿ

ನನ್ನಿವಾಳದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮನೆ ಮುಂದಿನ ಬಯಲಲ್ಲಿ ಎರಡು ಗೂಟಗಳ ನಡುವೆ ಕರಿ ಉಣ್ಣೆಯ ಎಳೆಗಳನ್ನು ಉದ್ದಕ್ಕೆ ಬಿಗಿದಿದೆ. ಎಡಗೈಯಲ್ಲಿ ಹುಣಸೆ ಬೀಜದ ಗಂಜಿಯ ಮಡಕೆ, ಬಲಗೈಯಲ್ಲಿ ಕುಂಚ ಹಿಡಿದು ಬೊಮ್ಮಕ್ಕ ಅದರ ಪಕ್ಕದಲ್ಲೇ ಬಗ್ಗಿ ನಡೆಯುತ್ತಿದ್ದಾರೆ. ಒಂದೇ ದಿಕ್ಕಿಗೆ ಸವರಬೇಕು. ಬಿಸಿಲು ಬಿದ್ದರೆ ಗಂಜಿ ಒಳಗಿಳಿಯುವ ಮೊದಲೇ ಒಣಗಿ ಎಳೆಗೆ ಎಳೆ ಅಂಟುತ್ತದೆ. ಗಾಳಿ ಎದ್ದರೆ ಮಣ್ಣು ಕೂರುತ್ತದೆ. ಇವೆರಡೂ ಬರುವ ಮುನ್ನ ಸಿಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಐವತ್ತಾರರ ಬೊಮ್ಮಕ್ಕನಿಗೆ ನಲವತ್ತು ವರ್ಷಗಳಿಂದ ದಿನ ಶುರುವಾಗುವುದೇ ಹೀಗೆ.

"ಇದು ಮನುಷ್ಯರ ಕಂಬಳೀದು. ಕುದುರೇದಾದ್ರೆ ಎರಡು ಮೊಳ ಜಾಸ್ತಿ ಉದ್ದ. ಗೂಟ ಅಲ್ಲಿರ್ತಿತ್ತು," ಎಂದು ಅವರು ಕುಂಚದಿಂದಲೇ ತೋರಿಸುತ್ತಾರೆ. ಅಲ್ಲೀಗ ಗೂಟವಿಲ್ಲ. ಅರ್ಧ ಮುಚ್ಚಿದ ಒಂದು ಕುಳಿಯಿದೆ, ಅದರೊಳಗೆ ಗರಿಕೆ ಹುಟ್ಟಿದೆ.

ಹತ್ತೊಂಬತ್ತು ವರ್ಷದ ಹಿಂದೆ ಚಳ್ಳಕೆರೆಯ ಕಂಬಳಿ ವ್ಯಾಪಾರಿ ಮುಬಾರಕ್ ದೂರದ ನಗರವೊಂದರ ರೇಸ್ ಕುದುರೆಗಳ ಲಾಯದಿಂದ ಬೇಡಿಕೆ ತಂದರು. ಓಡಿ ಬಂದ ಕುದುರೆಯ ಮೈ ಬೆವೆತಿರುತ್ತದೆ. ಕೂಡಲೇ ಹೊದಿಸದಿದ್ದರೆ ಥಂಡಿ ಹಿಡಿಯುತ್ತದೆ. ಕುರಿಯ ಉಣ್ಣೆ ಬೆವರನ್ನು ಹೀರಿಯೂ ಬೆಚ್ಚಗಿರುತ್ತದೆ. ಮೊದಲ ಸಲ ಕಳಿಸಿದ ಆರು ಕಂಬಳಿಗಳು ಹದಿನೈದೇ ದಿನಕ್ಕೆ ವಾಪಸ್ ಬಂದವು. ಅಂಚುಗಳನ್ನೆಲ್ಲ ಕುದುರೆಗಳು ಅಗಿದು ಹಾಕಿದ್ದವು.

"ನನ್ನ ನೇಯ್ಗೆ ಕುದುರೆಗೂ ರುಚಿಸ್ತು ಅಂದ್ಕಂಡಿದ್ದೆ," ಎನ್ನುತ್ತಾರೆ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಗಂಡ ಕಾಟಪ್ಪ. "ರುಚಿ ಇವಳ ಗಂಜೀದು ಅಂತ ಆಮೇಲೆ ಗೊತ್ತಾತು."

ಗಂಜಿ ಇಲ್ಲದೆ ನೇಯಲಾಗದು, ಗಂಜಿ ಇದ್ದರೆ ಕುದುರೆ ಬಿಡದು. ಬೊಮ್ಮಕ್ಕನೇ ದಾರಿ ಹುಡುಕಿದರು. ನೇಯ್ದ ಮೇಲೆ ಕಂಬಳಿಯನ್ನು ಬಿಸಿನೀರಿನ ಕಲ್ಲುಬಾನಿಯಲ್ಲಿ ಅಂಟುವಾಳದ ಜೊತೆ ನೆನೆಹಾಕಿ ಕಾಲಲ್ಲಿ ತುಳಿಯುವುದು, ನೀರು ಚೆಲ್ಲಿ ಮತ್ತೆ ತುಳಿಯುವುದು. ಒಣಗಿದ ಮೇಲೆ ಒಂದು ಮೂಲೆಯನ್ನು ನಾಲಿಗೆಗೆ ಮುಟ್ಟಿಸಿ ನೋಡುವುದು. "ಒಂಚೂರು ರುಚಿ ಹತ್ತಿದ್ರೂ ಮತ್ತೆ ಬಾನಿಗೆ." ಒಣಗಿದಾಗ ಮೂರು ಕಿಲೋ ತೂಗುವ ಕಂಬಳಿ ನೀರು ಕುಡಿದು ಹನ್ನೆರಡಾಗುತ್ತದೆ. ತಿಂಗಳಿಗೆ ಎಂಟು. ಮಂಡಿ ಹೋದದ್ದು ಅದರಲ್ಲೇ. ಹಿಂದಕ್ಕೆ ಬಂದದ್ದು ಆ ಆರು ಮಾತ್ರ.

ಬೇಡಿಕೆ ನಿಂತು ಹದಿನಾಲ್ಕು ತಿಂಗಳಾಯಿತು. ಕಾರಣ ಬೊಮ್ಮಕ್ಕನ ಕೈಯೊಳಗಿನದಲ್ಲ. ಆ ರೇಸ್ ಮೈದಾನ ತನ್ನ ಓಟದ ನೇರ ಚಿತ್ರವನ್ನು ಬೇರೆ ಊರುಗಳ ಬಾಜಿ ಕೇಂದ್ರಗಳಿಗೂ ಆನ್‌ಲೈನ್ ಬಾಜಿ ಕಂಪನಿಗಳಿಗೂ ಮಾರುತ್ತಿತ್ತು. ಸಿಗ್ನಲ್ ಎನ್ನುವುದು ಅದಕ್ಕೇ. ಬಾಜಿಯೆಲ್ಲ ಫೋನಿಗೆ ಹೋಗುತ್ತಿದೆಯೆಂದು ಮೈದಾನದವರು ಸಿಗ್ನಲ್ ದರ ಏರಿಸಿದರು. ಕಂಪನಿಗಳು ಒಪ್ಪದೆ ಹೊರದೇಶದ ಓಟಗಳನ್ನು ತೋರಿಸತೊಡಗಿದವು. ವ್ಯಾಜ್ಯ ಕೋರ್ಟಿಗೆ ಹೋಯಿತು, ಸಿಗ್ನಲ್ ನಿಂತಿತು. ಆ ವರಮಾನವಿಲ್ಲದೆ ವಾರಕ್ಕೆ ಮೂರಿದ್ದ ಓಟದ ದಿನ ಒಂದಕ್ಕಿಳಿಯಿತು. ಮಾಲೀಕರು ಕುದುರೆಗಳನ್ನು ಬೇರೆಡೆಗೆ ಸಾಗಿಸಿದರು. ಕಳಿಸಬೇಕಿದ್ದ ಹನ್ನೊಂದು ಕಂಬಳಿಗಳು ನನ್ನಿವಾಳದ ಅಟ್ಟದಲ್ಲೇ ಉಳಿದವು.

ಮೈದುನನ ಮಗ, ಟ್ರ್ಯಾಕ್ಟರ್ ಓಡಿಸುವ ಲೋಹಿತ ಫೋನಿನಲ್ಲಿ ಬಾಜಿ ಕಟ್ಟುತ್ತಾನೆ. "ಓಟ ಎಲ್ಲಿ ನಿಂತೈತೆ ದೊಡ್ಡವ್ವ? ಇಡೀ ದಿನ ಐತೆ. ಯಾವ ದೇಶದ ಕುದುರೆ ಬೇಕು ಹೇಳು."

"ನಿನ್ನ ಫೋನಿನಾಗಿನ ಕುದುರೆಗೆ ಚಳಿ ಆಗಲ್ಲ ಕಣೋ," ಎಂದು ಬೊಮ್ಮಕ್ಕ ಬಾಯಿ ಮುಚ್ಚಿಸುತ್ತಾರೆ.

ಆದರೂ ಒಮ್ಮೆ ಅವನ ಪಕ್ಕ ಕೂತು ನೋಡಿದ್ದಾರೆ, ಸಿಗ್ನಲ್ ನಿಲ್ಲುವ ಮೊದಲು, ಅದೇ ಮೈದಾನದ ಓಟವನ್ನು. ಕುದುರೆಗಳು ಗೆರೆ ದಾಟಿದವು. ಅಲ್ಲಿಗೆ ಚಿತ್ರ ಹೋಯಿತು. "ಓಡೋವಾಗ ಕಂಬಳಿ ಇರಲ್ಲ. ಹೊದಿಸೋದು ಆಮೇಲೆ. ಅಷ್ಟರಾಗೆ ಈ ಫೋನಿನೋರ ಚಿತ್ರ ಮುಗಿದೋಗಿರ್ತೈತೆ," ಎನ್ನುತ್ತಾರೆ. ಸಾವಿರದ ಐನೂರಕ್ಕೂ ಹೆಚ್ಚು ಕುದುರೆ ಕಂಬಳಿ ಮಾಡಿದ ಬೊಮ್ಮಕ್ಕ ಅದನ್ನು ಹೊದ್ದ ಒಂದು ಕುದುರೆಯನ್ನೂ ಕಂಡವರಲ್ಲ.

ಒಂಬತ್ತರ ಹೊತ್ತಿಗೆ ಮುಬಾರಕ್ ಗೂಡ್ಸ್ ಆಟೋದಲ್ಲಿ ಬರುತ್ತಾರೆ. ಮಾತು ಹೇಗೆ ತೆಗೆಯುವುದೆಂದು ತಿಳಿಯದೆ ಟೀ ಮುಗಿಯುವವರೆಗೂ ಮಳೆಯ ಸುದ್ದಿ ಆಡುತ್ತಾರೆ.

"ಲಾಯನೇ ಮುಚ್ಚಿದ್ರಂತೆ ಅಕ್ಕಾ."

"ಕೋರ್ಟಿಂದು ಇತ್ಯರ್ಥ ಆದ್ಮೇಲೆ?"

"ಆದ್ರೂ ಅಷ್ಟೇ. ಕುದುರೆಗಳು ಹೋಗಿಬಿಟ್ವು."

ಮನುಷ್ಯರಿಗೆ ಮಾರೋಣವೆಂದರೆ ಗಂಜಿ ತೆಗೆದ ಕಂಬಳಿ ಮಳೆ ತಡೆಯದು. ಜೊತೆಗೆ ಕುದುರೆಯ ಕತ್ತಿಗೆಂದು ಬಿಟ್ಟ ಸೀಳು ಬೇರೆ. ಇಸ್ತ್ರಿ ಅಂಗಡಿಯವರು ಟೇಬಲ್ ಮೇಲೆ ಹಾಸಲು ತುಂಡು ಮಾಡಿ ಕೊಳ್ಳುತ್ತಾರೆ, ಅದೊಂದೇ ಉಳಿದಿರುವುದು ಎನ್ನುತ್ತಾರೆ ಮುಬಾರಕ್. ಮಗ್ಗದ ಸದ್ದು ನಿಲ್ಲುತ್ತದೆ.

ಬೊಮ್ಮಕ್ಕ ಹನ್ನೊಂದನ್ನೂ ಅಟ್ಟದಿಂದ ಇಳಿಸಿ ಒಂದೊಂದಾಗಿ ಕೊಡವುತ್ತಾರೆ. "ಆ ಫೋನಿನೋರು ಗೆರೆ ದಾಟಿದ್ಮೇಲೆ ಇನ್ನೊಂದು ಗಳಿಗೆ ಚಿತ್ರ ಬಿಟ್ಟಿದ್ರೆ ಸಾಕಿತ್ತು. ಒಂದ್ಸಲ ನೋಡ್ತಿದ್ದೆ," ಎನ್ನುತ್ತಾರೆ, ಯಾರಿಗೆಂದಿಲ್ಲದೆ. ಆಮೇಲೆ ಮೇಲಿನ ಕಂಬಳಿಯ ಮೂಲೆ ಎತ್ತಿ ನಾಲಿಗೆಗೆ ಮುಟ್ಟಿಸುತ್ತಾರೆ. ಎರಡನೆಯದನ್ನೂ. ಮೂರನೆಯದನ್ನೂ.

"ಇಸ್ತ್ರಿ ಟೇಬಲ್‌ಗೆ ಅದ್ಯಾಕಕ್ಕಾ," ಎನ್ನುತ್ತಾರೆ ಮುಬಾರಕ್ ಮೆಲ್ಲಗೆ.

ಹನ್ನೊಂದೂ ಮುಗಿದ ಮೇಲೆ ಬೊಮ್ಮಕ್ಕ ಬಾಯಿ ಒರೆಸಿಕೊಳ್ಳುತ್ತಾರೆ.

"ಏನೂ ರುಚಿ ಇಲ್ಲ ಸಾಬ್ರೇ. ತಗೊಂಡೋಗ್ರಿ."