ರಂಗೋಲಿಗೆ ರಜೆ

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಲೇ ತಲೆ ಬೆಳ್ಳಗಾಯಿತು. ಸ್ಟಾಫ್ ರೂಮಿನಲ್ಲಿ ಯಾರಾದರೂ ತೀರಿಹೋದ ಅತ್ತೆ ಕನಸಿನಲ್ಲಿ ಬಂದು ನೀರು ಕೇಳಿದರೆಂದೋ, ಕಾಗೆ ಪಿಂಡ ಮುಟ್ಟಲಿಲ್ಲವೆಂದೋ ಶುರು ಮಾಡಿದರೆ, "ಸಾಧಿಸಿ ತೋರ್ಸ್ರೀ ಹಂಗಿದ್ರೆ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಎಲ್ಲ ಬರೀ ಅಂತೆಕಂತೆಗಳ ಸಂತೆ ಎನ್ನುವುದು ನನ್ನ ಖಾಯಂ ಮಾತು. ಈಗ ನಾನೇ ಒಂದು ಅಂತೆಯನ್ನು ಹೊತ್ತುಕೊಂಡು ನಿಮ್ಮ ಮುಂದೆ ಬಂದಿದ್ದೇನೆ. ನಗುವವರು ನಗಿ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ, ತಿಲಕ್ ನಗರದ ಕಡೆಗಿರುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ಗೇಟು ತೆಗೆದರೆ ಒಂದು ಚಪ್ಪಡಿ ಕಲ್ಲು, ಅದನ್ನು ದಾಟಿದರೆ ಹೊಸ್ತಿಲು. ನಾನು ಮದುವೆಯ ಗೋಜಿಗೆ ಹೋಗಲಿಲ್ಲ. ತಂಗಿ ಪದ್ಮಾ ಹೋದಳು, ಗಂಡನನ್ನು ಕಳೆದುಕೊಂಡಳು, ಉತ್ತರಹಳ್ಳಿಯ ಮನೆಯನ್ನು ಬಾಡಿಗೆಗೆ ಕೊಟ್ಟು ನನ್ನ ಜೊತೆ ಇರಲು ಬಂದಳು. ನಾವಿಬ್ಬರೂ ಮಾತಿಗೆ ಮಾತು ಬೆಳೆಸಿಕೊಂಡು, ಮುನಿಸಿಕೊಂಡು, ಸಂಜೆ ಒಟ್ಟಿಗೆ ಸೊಪ್ಪು ಬಿಡಿಸುತ್ತಾ ಬಹಳ ವರ್ಷ ಸುಖವಾಗಿದ್ದೆವು. ಸುಖವಾಗಿದ್ದೆವು ಎಂಬುದು ಆಗ ಗೊತ್ತಿರಲಿಲ್ಲ.

ಪದ್ದುವಿಗೆ ಸಿಂಗಾರದ ಹುಚ್ಚು. ಫ್ರಿಜ್ಜಿಗೊಂದು ಹೊದಿಕೆ, ಟೀವಿಗೊಂದು ಹೊದಿಕೆ, ನೀರಿನ ಕ್ಯಾನಿಗೂ ಒಂದು ಲಂಗ. ನಿವೃತ್ತಿಯಾದ ಮೇಲೆ ನಾನು ಮಕ್ಕಳಿಗೆ ಆನ್‌ಲೈನಿನಲ್ಲಿ ಪಾಠ ಹೇಳಲೆಂದು ಕಂಪ್ಯೂಟರ್ ತಂದಾಗ ಅವಳ ಕಣ್ಣು ಅದರ ಮೇಲೂ ಬಿತ್ತು. ಎಲ್ಲಿಂದಲೋ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಇಳಿಸಿಕೊಂಡಳು. ಅದು ಬಂದ ಮೇಲೆ ಐಕಾನುಗಳೆಲ್ಲ ಲಾಡಿನಂತೆ ಗುಂಡಗಾದವು, ಮೂಲೆಯಲ್ಲಿ ಲೋಲಕದ ಗಡಿಯಾರ ತೂಗಾಡತೊಡಗಿತು. ಬೆಳಿಗ್ಗೆ ಬಾಗಿಲಿಗೆ ಹಾಕಿದ ರಂಗೋಲಿಯನ್ನು ಹೊಸ್ತಿಲ ಮೇಲೆ ನಿಂತು ಫೋನಿನಲ್ಲಿ ಫೋಟೋ ಹಿಡಿದು, ಅದನ್ನು ಕಂಪ್ಯೂಟರಿನ ಒಂದು ಫೋಲ್ಡರಿಗೆ ಹಾಕುತ್ತಿದ್ದಳು. ಸಾಫ್ಟ್‌ವೇರ್ ಅದರೊಳಗಿಂದ ದಿನಕ್ಕೊಂದು ರಂಗೋಲಿಯನ್ನು ತಾನೇ ಆರಿಸಿ ಪರದೆಯ ತುಂಬ ಹರಡುತ್ತಿತ್ತು.

"ನಿಂಗೆ ಬೇರೆ ಕೆಲ್ಸ ಇಲ್ವೇನೇ?" ಎಂದು ರೇಗಿದೆ.

"ಅಲ್ಲ ಅಕ್ಕಾ, ಬೆಳಗ್ಗೆ ಎದ್ದು ನೀನು ಮೊದ್ಲು ತೆಗೆಯೋ ಬಾಗ್ಲು ಇದೇ ತಾನೆ? ಇದು ಮಾತ್ರ ಬೋಳಾಗಿರ್ಬೇಕಾ?" ಎಂದಳು.

ಅವಳು ರಂಗೋಲಿ ತಪ್ಪಿಸುತ್ತಿದ್ದುದು ವರ್ಷಕ್ಕೆ ಎರಡೇ ದಿನ, ಅಮ್ಮನ ತಿಥಿ ಮತ್ತು ಅವಳ ಗಂಡನ ತಿಥಿ. ಆ ಎರಡು ಬೆಳಿಗ್ಗೆ ಕಲ್ಲನ್ನು ತಿಕ್ಕಿ ತೊಳೆದು ಹಾಗೇ ಬಿಡುತ್ತಿದ್ದಳು. ನಾನು ಬೇಕೆಂತಲೇ, "ಏನೇ, ರಂಗೋಲಿಗೆ ಇವತ್ತು ರಜೆಯಾ?" ಎನ್ನುತ್ತಿದ್ದೆ. ಅವಳು ನಗದೆ, "ರಂಗೋಲಿ ಇದ್ರೆ ಹೋದವ್ರು ಒಳಗೆ ಬರಲ್ಲ ಅಕ್ಕ. ಇವತ್ತೊಂದಿನ ಅವ್ರು ಬರ್ಲಿ ಬಿಡು" ಎನ್ನುತ್ತಿದ್ದಳು. ಅಮ್ಮ ಬರುವುದಾದರೆ ಬಂದು ನಿನ್ನ ಅಡುಗೆಗೆ ಉಪ್ಪು ಎಷ್ಟೆಂದು ಹೇಳಲಿ ಎಂದು ನಾನು ಗೇಲಿ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಎದೆಯುರಿ ಎಂದು ಮಲಗಿದವಳು ಏಳಲಿಲ್ಲ. ಕರ್ಮವನ್ನೆಲ್ಲ ಅವಳ ಗಂಡನ ಮನೆಯವರೇ ಉತ್ತರಹಳ್ಳಿಯಲ್ಲಿ ಮಾಡಿದರು. ಅವಳ ಓರಗಿತ್ತಿ ಗಿರಿಜಾ ಒಳ್ಳೆಯ ಹೆಂಗಸು, ನನ್ನಿಂದ ಏನನ್ನೂ ಬಯಸಲಿಲ್ಲ. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ನನಗೆ ರಂಗೋಲಿ ಬರದು, ಕಲ್ಲು ತೊಳೆಯಬೇಕೆಂಬ ಮನಸ್ಸೂ ಇಲ್ಲ. ಹೊರಗೆ ಚಪ್ಪಡಿ ಧೂಳು ಹಿಡಿಯಿತು. ಆದರೆ ಒಳಗೆ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ, ಪರದೆಯ ಮೇಲೆ ಆವತ್ತಿನ ರಂಗೋಲಿ ಸಿದ್ಧವಾಗಿರುತ್ತಿತ್ತು. ಒಂದು ದಿನ ನವಿಲು, ಒಂದು ದಿನ ಸುಳಿ, ಒಂದು ದಿನ ಅವಸರದಲ್ಲಿ ಎಳೆದ ಪುಟ್ಟ ನಕ್ಷತ್ರ. ಕಾಫಿ ಲೋಟ ಹಿಡಿದು ಅದರ ಮುಂದೆ ಕೂರುವುದೇ ನನ್ನ ದಿನದ ಒಳ್ಳೆಯ ಗಳಿಗೆಯಾಗಿಬಿಟ್ಟಿತು.

ತಿಂಗಳುಗಳು ಕಳೆದವು. ಒಂದು ಸಲ ಕಂಪ್ಯೂಟರ್ ತಾನೇ ಅಪ್‌ಡೇಟ್ ಆದ ಮೇಲೆ ಅದಕ್ಕೆ ಗ್ರಹಚಾರ ಹಿಡಿಯಿತು. ಪಾಠದ ನಡುವೆ ಪರದೆ ಕಪ್ಪಾಗುವುದು, ಐಕಾನುಗಳು ಮಾಯವಾಗಿ ಮತ್ತೆ ಬರುವುದು, ಮೌಸು ನಿಂತಲ್ಲೇ ನಿಲ್ಲುವುದು. ಆ ಕಡೆಯಿಂದ ಮಕ್ಕಳು, "ಮಿಸ್, ನೀವು ಬಾಯಿ ತೆಕ್ಕೊಂಡೇ ಫ್ರೀಜ್ ಆಗ್ಬಿಟ್ಟಿದೀರ!" ಎಂದು ಕಿಲಕಿಲ ನಗುತ್ತಿದ್ದುದು ಕೇಳಿಸುತ್ತಿತ್ತು. ಮೊದಮೊದಲು ನಾನೂ ನಕ್ಕೆ. ಆಮೇಲೆ ಇಬ್ಬರು ಮಕ್ಕಳನ್ನು ತಾಯಂದಿರು ಬೇರೆ ಕಡೆ ಸೇರಿಸಿದರು. ನನಗೆ ಪಿಂಚಣಿ ಇದೆ, ಫೀಸಿನ ಚಿಂತೆಯಲ್ಲ. ಆದರೆ ಈ ಮನೆಯೊಳಗೆ ಮನುಷ್ಯರ ದನಿ ಎಂದು ಕೇಳುತ್ತಿದ್ದುದು ಆ ಮಕ್ಕಳದ್ದು ಮಾತ್ರ. ಅದೂ ನಿಂತರೆ ಎಂದು ದಿಗಿಲಾಯಿತು.

ದೋಷ ಹುಡುಕಲು ಕೂತೆ. ನನ್ನ ಹಳೆಯ ವಿದ್ಯಾರ್ಥಿ ಹರೀಶ ಅರೆಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅವನು ಫೋನಿನಲ್ಲೇ ದಾರಿ ಹೇಳಿದ. ಬೇರೆ ಸಾಫ್ಟ್‌ವೇರುಗಳನ್ನೆಲ್ಲ ದೂರವಿಟ್ಟು ಬರೀ ಮೂಲದ್ದಷ್ಟನ್ನೇ ಓಡಿಸುವ ಸೇಫ್ ಮೋಡ್ ಎಂಬುದಿದೆ. ಅದರಲ್ಲಿ ಹಾಕಿ ನೋಡಿದರೆ ಕಂಪ್ಯೂಟರ್ ಮುಟ್ಟಿದರೆ ಮಾತಾಡುವಷ್ಟು ಚುರುಕು. ಅಂದರೆ ಯಂತ್ರ ಸರಿಯಿದೆ, ಮೇಲೆ ಹಾಕಿಕೊಂಡ ಯಾವುದೋ ಒಂದು ಕಾಟ ಕೊಡುತ್ತಿದೆ. ಶುರುವಿನಲ್ಲೇ ಏಳುವ ಸಾಫ್ಟ್‌ವೇರುಗಳಲ್ಲಿ ಅರ್ಧವನ್ನು ನಿಲ್ಲಿಸಿ ನೋಡಬೇಕು, ಸರಿಹೋದರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಮತ್ತೆ ಅದರಲ್ಲಿ ಅರ್ಧ. ನನಗೆ ಲೆಕ್ಕ ಬಿಡಿಸಿದಷ್ಟೇ ಖುಷಿಯಾಯಿತು. ಅರ್ಧ ಮಾಡುತ್ತಾ ಮಾಡುತ್ತಾ ಹೋದೆ. ಕೊನೆಗೆ ಉಳಿದದ್ದು ಪದ್ದು ಹಾಕಿದ್ದ ಸಾಫ್ಟ್‌ವೇರ್. ಖುಷಿಯೆಲ್ಲ ಇಳಿದುಹೋಯಿತು.

"ತೆಗೆದ್ಬಿಡಿ ಮಿಸ್" ಎಂದ ಹರೀಶ. "ಅಪ್‌ಡೇಟ್ ಆದ್ಮೇಲೆ ಇಂಥವೆಲ್ಲ ಕೈ ಕೊಡ್ತವೆ. ಮಾಡ್ದವ್ರೇ ಅದನ್ನ ಕೈಬಿಟ್ಟು ಎಷ್ಟೋ ವರ್ಷ ಆಯ್ತು. ಹೊಸ್ದಾಗಿ ಹಾಕೋಕೂ ಸಿಗಲ್ಲ."

"ತೆಗೆದ್ರೆ ರಂಗೋಲಿ?"

"ಫೋಟೋ ಎಲ್ಲೂ ಹೋಗಲ್ಲ ಮಿಸ್, ಫೋಲ್ಡರಲ್ಲೇ ಇರುತ್ತೆ. ಬೇಕಾದಾಗ ತೆಗೆದು ನೋಡ್ಕೊಳ್ಳಿ."

ಅವನು ಹೇಳಿದ್ದು ಸರಿಯೇ. ಆದರೆ ನಾನಾಗಿ ಆರಿಸಿ ತೆಗೆದರೆ ಅದು ಫೋಟೋ. ಏನು ಬರುತ್ತದೋ ಎಂದು ಗೊತ್ತಿಲ್ಲದೆ ಕೂತಾಗ ತಾನಾಗಿ ಬಂದರೆ ಅದು ಪದ್ದು ಈಗ ತಾನೇ ಹಾಕಿ ಒಳಗೆ ಹೋದ ರಂಗೋಲಿ. ಇದನ್ನು ಹರೀಶನಿಗೆ ಹೇಗೆ ಹೇಳಲಿ? ಇಟ್ಟುಕೊಂಡರೆ ಮಕ್ಕಳು ಹೋಗುತ್ತಾರೆ, ತೆಗೆದರೆ ತಂಗಿ ಹೋಗುತ್ತಾಳೆ. ಅವಳು ಹೋಗಿ ವರ್ಷ ತುಂಬಲಿ, ಮಾರನೆಯ ದಿನ ತೆಗೆಯುತ್ತೇನೆ ಎಂದು ನನಗೆ ನಾನೇ ವಾಯಿದೆ ಹಾಕಿಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಹೋದ ತಾರೀಕಿಗೆ ಸುತ್ತು ಹಾಕಿದೆ. ಅದಕ್ಕೆ ಇನ್ನೂ ಒಂದು ವಾರದ ಮೇಲೆ ಇತ್ತು.

ಮರುದಿನ ಬೆಳಿಗ್ಗೆ ಎಂದಿನಂತೆ ಕಾಫಿ ಹಿಡಿದು ಕಂಪ್ಯೂಟರ್ ಹಾಕಿದೆ. ಪರದೆಯ ಮೇಲೆ ನಮ್ಮ ಚಪ್ಪಡಿ ಕಲ್ಲು ಬಂತು. ತೊಳೆದು ಇನ್ನೂ ನೀರು ಆರದ ಕಲ್ಲು. ಅದರ ಮೇಲೆ ರಂಗೋಲಿ ಇರಲಿಲ್ಲ.

ಮತ್ತೆ ಕೆಟ್ಟಿತು, ಚಿತ್ರ ಅರ್ಧಂಬರ್ಧ ಬಂದಿದೆ ಎಂದುಕೊಂಡೆ. ಹತ್ತಿರ ಬಗ್ಗಿ ನೋಡಿದೆ. ಅರ್ಧ ಬಂದದ್ದಲ್ಲ, ಪೂರ್ತಿ ಚಿತ್ರ. ಹೊಸ್ತಿಲ ಮೇಲಿಂದ ಪದ್ದು ಹಿಡಿಯುತ್ತಿದ್ದಂತೆಯೇ ಹಿಡಿದದ್ದು. ಮೇಲುಗಡೆ ಗೇಟಿನ ಕೆಳಮೂಲೆ, ಬಲಗಡೆ ಅಂಚಿನಲ್ಲಿ ಒಂದು ಜೊತೆ ನೀಲಿ ಚಪ್ಪಲಿ, ಒಂದರ ಮೇಲೊಂದು ಹತ್ತಿಕೊಂಡಿದ್ದವು. ಆ ಚಪ್ಪಲಿ ನೋಡಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಅವು ನನ್ನವು. ಹಿಮ್ಮಡಿ ನೋವಿಗೆ ಮೆತ್ತನೆಯದು ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ ಮೇಲೆ ಕೊಂಡವು. ಪದ್ದು ಹೋದ ಮೇಲೆ ಶುರುವಾದ ನೋವು ಅದು. ಅವಳು ಆ ಚಪ್ಪಲಿಯನ್ನು ನೋಡಿಯೇ ಇರಲಿಲ್ಲ.

ಎದ್ದು ಹೋಗಿ ಬಾಗಿಲು ತೆಗೆದೆ. ಹೊರಗೆ ಕಲ್ಲು ಒಣಗಿ ಧೂಳು ಹಿಡಿದೇ ಇತ್ತು. ನೀಲಿ ಚಪ್ಪಲಿ ನನ್ನ ಕಾಲಲ್ಲೇ ಇತ್ತು, ಮನೆಯೊಳಗೂ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೆ. ಒಳಗೆ ಬಂದರೆ ಪರದೆಯ ಮೇಲೆ ಒದ್ದೆ ಕಲ್ಲು ಹಾಗೇ ಇತ್ತು. "ನೋಡು ಬಾರೇ ಇಲ್ಲಿ" ಎಂದು ಬಾಯಿಗೆ ಬಂದೇಬಿಟ್ಟಿತು. ಕರೆದರೆ ಬರುವವರು ಯಾರೂ ಇಲ್ಲವೆಂದು ಆಮೇಲೆ ನೆನಪಾಯಿತು. ಒಂಟಿತನ ಎಂದರೆ ಏನೆಂದು ಆ ಒಂದು ವರ್ಷದಲ್ಲಿ ಆ ಗಳಿಗೆಯಷ್ಟು ಯಾವಾಗಲೂ ತಿಳಿದಿರಲಿಲ್ಲ.

ಆಗಲೇ ಫೋನು ಬಂತು. ಗಿರಿಜಾ.

"ಅಕ್ಕಾ, ಹೊರಟ್ರಾ? ಪುರೋಹಿತ್ರು ಹತ್ತು ಗಂಟೆಗೆಲ್ಲ ಬರ್ತಾರೆ."

"ಎಲ್ಲಿಗಮ್ಮ?"

"ಇವತ್ತು ಪದ್ದಕ್ಕನ ತಿಥಿ ಅಲ್ವಾ? ಅಯ್ಯೋ, ಇವ್ರು ಹೇಳಿರ್ತಾರೆ ಅಂದ್ಕೊಂಡೆ, ಅವ್ರು ನಾನು ಹೇಳಿರ್ತೀನಿ ಅಂದ್ಕೊಂಡ್ರು."

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸುತ್ತು ಹಾಕಿದ ತಾರೀಕು ಇನ್ನೂ ದೂರವಿತ್ತು. ತಿಥಿಯನ್ನು ಪಂಚಾಂಗದ ಪ್ರಕಾರ ಹಿಡಿಯುತ್ತಾರೆ, ಚಾಂದ್ರಮಾನದ ವರ್ಷ ನಮ್ಮ ಕ್ಯಾಲೆಂಡರಿನ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಕಮ್ಮಿ. ಇದನ್ನು ಎಷ್ಟು ತಂಡ ಮಕ್ಕಳಿಗೆ ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿಲ್ಲ ನಾನು! ನನ್ನ ತಂಗಿಯ ವಿಷಯಕ್ಕೆ ಬಂದಾಗ ಮಾತ್ರ ಹೊಳೆಯಲಿಲ್ಲ. ನನಗೆ ಗೊತ್ತಿಲ್ಲದ ದಿನ ಕಂಪ್ಯೂಟರಿಗೆ ಗೊತ್ತಿತ್ತು.

ಫೋನಿಟ್ಟು ಆ ಚಿತ್ರ ಯಾವ ಫೋಲ್ಡರಿನದ್ದೆಂದು ನೋಡಲು ಮೌಸಿನ ಮೇಲೆ ಕೈಯಿಟ್ಟೆ. ಅದನ್ನು ಅಲುಗಾಡಿಸಿದ್ದೇ ತಡ, ಪರದೆ ಕಪ್ಪಾಯಿತು. ಮತ್ತೆ ಹಾಕಿದಾಗ ಬಂದದ್ದು ಹಳೆಯ ನವಿಲು. ಫೋಲ್ಡರಿನಲ್ಲಿ ಬರಿಯ ಕಲ್ಲಿನ ಚಿತ್ರ ಒಂದೂ ಇರಲಿಲ್ಲ. ಬೀರುವಿನಲ್ಲಿ ಸತ್ತು ಬಿದ್ದಿದ್ದ ಪದ್ದುವಿನ ಫೋನನ್ನು ಚಾರ್ಜಿಗೆ ಹಾಕಿ ತೆರೆದೆ. ಅದರ ಕೊನೆಯ ಫೋಟೋ ಅವಳು ಹೋದ ಬೆಳಗಿನ ರಂಗೋಲಿ.

ಹರೀಶನಿಗೆ ಹೇಳಿದೆ. ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, "ಹಳೇದೇನೋ ಒಳಗೆ ಉಳ್ಕೊಂಡಿರ್ಬೇಕು ಮಿಸ್" ಎಂದ. ಚಪ್ಪಲಿ? "ಅದೇ ಥರದ್ದು ಮುಂಚೆ ಇತ್ತೇನೋ." ಇರಲಿಲ್ಲ. ತಿಥಿಗೆಂದು ಉತ್ತರಹಳ್ಳಿಗೆ ಹೋದಾಗ ಗಿರಿಜಾಳಿಗೂ ಹೇಳಿದ್ದೆ. ಅವಳು ಕೈ ಮುಗಿದು, "ಪದ್ದಕ್ಕನೇ ಬಂದಿದ್ರು" ಎಂದಳು. ಅದನ್ನು ಕೇಳಿ ನನಗೆ ಸಿಟ್ಟೇ ಬಂತು. ಬರುವುದಾದರೆ ಅಡುಗೆಮನೆಗೆ ಬರಬಾರದಿತ್ತೇ, ನನ್ನ ಎದುರಿಗೆ ಕೂತು ಒಂದು ಮಾತಾಡಬಾರದಿತ್ತೇ? ಪರದೆಯ ಹಿಂದೆ ನಿಂತು ಕಲ್ಲು ತೋರಿಸಿ ಹೋಗುವುದು ಯಾವ ನ್ಯಾಯ? ನಾನೇ ಏನನ್ನೋ ನೋಡಿ ಏನೋ ಎಂದುಕೊಂಡಿರಬಹುದು, ಒಬ್ಬಳೇ ಇರುವವಳ ಕಣ್ಣನ್ನು ನಂಬಬಾರದು ಎಂದೂ ಯೋಚಿಸಿದ್ದೇನೆ. ಆದರೆ ಫೋನು ಬಂದದ್ದು ಚಿತ್ರ ಕಂಡ ಮೇಲೆ, ಮೊದಲಲ್ಲ. ಈ ಒಂದು ಹೆಜ್ಜೆಯನ್ನು ದಾಟಲು ನನಗೆ ಇವತ್ತಿಗೂ ಆಗಿಲ್ಲ.

ಆ ಸಾಫ್ಟ್‌ವೇರನ್ನು ತೆಗೆಯಲಿಲ್ಲ. ಪಾಠಕ್ಕೆಂದು ಒಂದು ಲ್ಯಾಪ್‌ಟಾಪ್ ತಂದೆ, ಮಕ್ಕಳು ಉಳಿದರು. ಹಳೆಯ ಕಂಪ್ಯೂಟರನ್ನು ಬೆಳಿಗ್ಗೆ ಕಾಫಿಯ ಹೊತ್ತಿಗೆ ಮಾತ್ರ ಹಾಕುತ್ತೇನೆ. ರಂಗೋಲಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಹ್ಯಾಂಗ್ ಆಗುತ್ತದೆ, ಆರಿಸುತ್ತೇನೆ. ಹೊರಗಿನ ಕಲ್ಲನ್ನೂ ದಿನಾ ತೊಳೆದು, ಅವಳ ಫೋಟೋ ನೋಡಿಕೊಂಡು ಎರಡು ಗೆರೆ ಎಳೆಯುವುದನ್ನು ಕಲಿತೆ. ನನ್ನ ವೃತ್ತ ವೃತ್ತವಾಗುವುದಿಲ್ಲ. ಗಣಿತದವಳಿಗೆ ಇದಕ್ಕಿಂತ ಅವಮಾನವಿಲ್ಲ ಎಂದು ಪದ್ದು ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಈ ವರ್ಷ ಪಂಚಾಂಗವನ್ನು ನಾನೇ ನೋಡಿದೆ. ಉತ್ತರಹಳ್ಳಿಗೆ ಬರುವುದಿಲ್ಲವೆಂದು ಗಿರಿಜಾಳಿಗೆ ಹೇಳಿದೆ. ತಿಥಿಯ ಬೆಳಿಗ್ಗೆ ಚಪ್ಪಲಿ ಒದ್ದೆಯಾದೀತೆಂದು ಕಳಚಿ ಪಕ್ಕಕ್ಕೆ ತಳ್ಳಿ, ಕಲ್ಲನ್ನು ತಿಕ್ಕಿ ತೊಳೆದೆ, ರಂಗೋಲಿ ಹಾಕದೆ ಬಿಟ್ಟೆ. ಬಕೆಟ್ಟು ಹಿಡಿದು ಹೊಸ್ತಿಲು ಹತ್ತಿ ತಿರುಗಿ ನೋಡಿದೆ. ಒದ್ದೆ ಕಲ್ಲು, ಗೇಟಿನ ಕೆಳಮೂಲೆ, ಬಲಗಡೆ ಒಂದರ ಮೇಲೊಂದು ಹತ್ತಿದ ನೀಲಿ ಚಪ್ಪಲಿ. ಹೋದ ವರ್ಷ ಪರದೆಯ ಮೇಲೆ ಕಂಡದ್ದು ಇದೇ. ಎಷ್ಟು ಹೊತ್ತು ಅಲ್ಲಿ ನಿಂತಿದ್ದೆನೋ ಗೊತ್ತಿಲ್ಲ.

ಒಳಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ಗುಂಡಿಯ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ಬರಿಯ ಕಲ್ಲು ಕಂಡೀತೆಂದು ನಾನು ಹೆದರಲಿಲ್ಲ. ಎಂದಿನಂತೆ ರಂಗೋಲಿಯೇ ಬಂದುಬಿಟ್ಟರೆ ಏನು ಮಾಡಲಿ ಎಂದು ಹೆದರಿದೆ. ಕೈ ತೆಗೆದೆ. ಆವತ್ತು ಅದನ್ನು ಹಾಕಲೇ ಇಲ್ಲ. ಬೀದಿ ಬಾಗಿಲನ್ನು ಮಾತ್ರ ಸಂಜೆಯವರೆಗೂ ತೆರೆದಿಟ್ಟಿದ್ದೆ.