ತೆಗೆಯಿರಿ ಅಂದರೆ ಎಂತ

ಸ್ನೇಹಿತರೇ, ಹೊನ್ನಾವರದ ನಮ್ಮ ಐಸ್ ಫ್ಯಾಕ್ಟರಿಯಲ್ಲಿ ಯಂತ್ರಗಳ ಸೂಚನೆ ಬರೆಯುವವಳು ನಾನೇ. ‘ನೀರಿನ ವಾಲ್ವ್ ತೆಗೆಯಿರಿ’ ಎಂದು ಬರೆದಿದ್ದೆ. ಆಪರೇಟರ್ ಮಾಬ್ಲಣ್ಣ ನಿನ್ನೆ ಅದನ್ನು ಸ್ಪ್ಯಾನರ್ ಹಾಕಿ ಬಿಚ್ಚಿ, ಒರೆಸಿ, ನನ್ನ ಮೇಜಿನ ಮೇಲೆ ತಂದಿಟ್ಟರು. ಫ್ಯಾಕ್ಟರಿ ತುಂಬ ನೀರು.

ಸಾಕಾಗಿ ಇವತ್ತು ನಾನೇ ಒಂದು ಭಾಷೆ ಕಟ್ಟಿದೆ. ಒಂದು ಪದಕ್ಕೆ ಒಂದೇ ಅರ್ಥ. ತಿರುಗಿಸಿ ನೀರು ಬಿಡುವುದಕ್ಕೆ ‘ಝಿಮ್’, ಬಿಚ್ಚಿಡುವುದಕ್ಕೆ ‘ಝುಮ್’. ಹೊಸ ಬೋರ್ಡು ಬರೆದು ತೂಗುಹಾಕಿದೆ. ಮಾಬ್ಲಣ್ಣ ಅದನ್ನು ಎರಡು ಸಲ ಓದಿದರು.

“ಅಕ್ಕ, ವಾಲ್ವ್ ಝಿಮ್ ಮಾಡಿ ಅಂದ್ರೆ ಎಂತ ಮಾಡೂದು?”

“ತೆಗೆಯೂದು, ಮಾಬ್ಲಣ್ಣ.”

“ಆತು. ಹಂಗಂತ್ಲೇ ಬರದ್ರೆ ಆಗ್ತಿತ್ತಲ,” ಎಂದು ಸ್ಪ್ಯಾನರ್ ಎತ್ತಿಕೊಂಡರು.

ಸ್ಪ್ಯಾನರ್ ಈಗ ನನ್ನ ಡ್ರಾಯರಿನಲ್ಲಿದೆ, ಬೀಗ ಹಾಕಿದ್ದೇನೆ. ಆ ಬೀಗದಷ್ಟು ಸ್ಪಷ್ಟವಾದ ಸೂಚನೆಯನ್ನು ನಾನು ಈವರೆಗೆ ಬರೆದಿರಲಿಲ್ಲ.