ಮಗನಿಗೆ ಸೀಟು ಕೊಡದ ಮಾಲಕ

ಅಪ್ಪಿ, ಪುಟ್ಟಿ, ಕಳೆದ ರಜೆಯಲ್ಲಿ ಬಂದಾಗ ನೀವಿಬ್ಬರೂ ಜಗಲಿಯಲ್ಲಿ ಕೂತು ಮಾತಾಡಿದ್ದು ನನಗೆ ಅಡಿಗೆಮನೆಗೆ ಕೇಳಿಸಿತು. ಅಜ್ಜ ಅಪ್ಪನನ್ನು ಟೀಮಿನಿಂದ ಹೊರಗೆ ಹಾಕಿದ್ದನಂತೆ, ಅಪ್ಪ ತನಗಿಂತ ಚೆನ್ನಾಗಿ ಗಾಡಿ ಓಡಿಸುತ್ತಾನೆಂದು ಅಜ್ಜನಿಗೆ ಹೊಟ್ಟೆಕಿಚ್ಚಂತೆ ಎಂದು ಪುಟ್ಟಿ, ನೀನು ಹೇಳುತ್ತಿದ್ದೆ. ಶಿರಸಿ ಪೇಟೆಯಲ್ಲಿ ಹಾಗೆ ಹೇಳುವವರು ಈಗಲೂ ಇದ್ದಾರೆ. ನಾನು ಹೊರಗೆ ಬಂದು ಹಾಗಲ್ಲ ಎನ್ನಬೇಕಿತ್ತು. ಆದರೆ ನಿಮ್ಮ ಅಪ್ಪ ಅಂಗಳದಲ್ಲೇ ಇದ್ದ, ಕಾರು ತೊಳೆಯುತ್ತಿದ್ದ. ಅವನ ಎದುರು ಹೇಳುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮದುವೆಯಾದಾಗ ನಿಮ್ಮ ಅಜ್ಜ ಶಿರಸಿಯ ಯಲ್ಲಾಪುರ ರಸ್ತೆಯಲ್ಲಿ ಜೀಪು ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದರು. ಕೈಯಲ್ಲಿ ಯಾವಾಗಲೂ ಗ್ರೀಸಿನ ವಾಸನೆ. ಬೇರೆಯವರ ಗಾಡಿ ಸರಿಮಾಡಿ, ನೋಡಿಬರುತ್ತೇನೆಂದು ಒಂದು ಸುತ್ತು ಹೋದವರು ಸಿದ್ದಾಪುರದ ತನಕ ಹೋಗಿಬರುತ್ತಿದ್ದರು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವರಿಗೆ ರ‍್ಯಾಲಿಯ ಹುಚ್ಚು ಹಿಡಿಯಿತು. ರ‍್ಯಾಲಿ ಎಂದರೆ ಎಲ್ಲ ಗಾಡಿಗಳೂ ಒಟ್ಟಿಗೆ ಓಡುವ ರೇಸಲ್ಲ. ಕಾಡಿನ ಮಣ್ಣುರಸ್ತೆಯಲ್ಲಿ ಒಂದಾದ ಮೇಲೆ ಒಂದು ಗಾಡಿ ಬಿಡುತ್ತಾರೆ, ಬೇಗ ಮುಟ್ಟಿದವ ಗೆದ್ದ. ಓಡಿಸುವವನ ಪಕ್ಕದಲ್ಲಿ ಇನ್ನೊಬ್ಬ ಕೂತು, ಮುಂದೆ ಎಂಥ ತಿರುವು ಬರುತ್ತದೆಂದು ಕಾಗದ ನೋಡಿ ಹೇಳುತ್ತಿರುತ್ತಾನೆ. ಇಬ್ಬರ ತಲೆಗೂ ಹೆಲ್ಮೆಟ್ಟು, ಅದರೊಳಗೆ ಮೈಕು. ಅವನು ಹೇಳುವುದನ್ನು ನಂಬಿ ಇವನು ತಿರುಗಿಸಬೇಕು. ಕಣ್ಣಿಗೆ ಧೂಳು ಬಿಟ್ಟರೆ ಏನೂ ಕಾಣುವುದಿಲ್ಲವಂತೆ.

ಅವರು ಹೋದ ದಿನ ನಾನು ಮನೆಯಲ್ಲಿ ಏನು ಮಾಡುತ್ತಿದ್ದೆ ಎಂದರೆ, ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದೆ. ಆರಿಸಿದ ಅಕ್ಕಿಯನ್ನೇ ಆರಿಸುವುದು, ತೊಳೆದ ಪಾತ್ರೆಯನ್ನೇ ತೊಳೆಯುವುದು. ಗೆದ್ದರೆ ಕಪ್ಪು ಹಿಡಿದುಕೊಂಡು ಬರುತ್ತಿದ್ದರು, ಸೋತರೆ ಬೈದುಕೊಂಡು. ನನಗೆ ಎರಡೂ ಒಂದೇ. ಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳ ಕೇಳಿದರೆ ಸಾಕಿತ್ತು.

ಆ ಗುಂಡಿ ರಸ್ತೆಗಳಲ್ಲಿ ವರ್ಷಾನುಗಟ್ಟಲೆ ಎತ್ತಿ ಎತ್ತಿ ಹಾಕಿಸಿಕೊಂಡು ಅವರ ಬೆನ್ನು ಕೆಟ್ಟಿತು. ಇನ್ನು ಗಾಡಿ ಹಾರಿಸಿದರೆ ಕಾಲು ಎತ್ತಲಿಕ್ಕಾಗದು ಎಂದು ಡಾಕ್ಟರು ಹೇಳಿದಾಗ, ದೇವರಾಣೆ ಹೇಳುತ್ತೇನೆ, ನನಗೆ ಸಂತೋಷವೇ ಆಯಿತು. ಗ್ಯಾರೇಜಿನ ಗೋಡೆಯ ಮೇಲೆ ವಾರಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ಇತ್ತು. ಇಂಗ್ಲೆಂಡಿನ ಯಾವನೋ ಡ್ರೈವರು, ಓಡಿಸುವುದು ಬಿಟ್ಟ ಮೇಲೆ ಸ್ವಂತ ಟೀಮು ಕಟ್ಟಿದವನಂತೆ. ಕೈಕಟ್ಟಿ ಗಾಡಿಯ ಪಕ್ಕ ನಿಂತಿದ್ದ. ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ಅಜ್ಜ ಅವನ ಸುದ್ದಿ ತೆಗೆದರು.

"ಅವ ಎಂತ ಮಾಡ್ದಾ ಗೊತ್ತಿದ್ದಾ? ಸ್ಟೇರಿಂಗ್ ಬಿಟ್ಟ, ರೇಸ್ ಬಿಟ್ಟಿದ್ದಿಲ್ಲೆ. ಇನ್ನು ಆನು ಮಾಲಕ, ಮಾರಾಯ್ತಿ."

"ಬೆನ್ನಿಗೆ ಎಣ್ಣೆ ಹಚ್ಚೂಲೂ ಮಾಲಕನ ಅಪ್ಪಣೆ ಬೇಕಾ ಹಂಗಾರೆ?" ಎಂದೆ. ಅವರು ನಕ್ಕರು. ನಾನೂ ನಕ್ಕೆ. ಹುಚ್ಚು ಬಿಟ್ಟಿತೆಂದು ತಿಳಿದಿದ್ದೆ, ಅದು ವೇಷ ಬದಲಿಸಿತ್ತು ಅಷ್ಟೆ.

ಹಾಗೆ ಟೀಮಾಯಿತು. ಗ್ಯಾರೇಜಿನ ಹಿಂದೆ ತಗಡಿನ ಶೆಡ್ಡು, ಅದರೊಳಗೆ ರ‍್ಯಾಲಿಯ ಗಾಡಿಗಳು. ಓಡಿಸಲಿಕ್ಕೆ ಬೇರೆ ಬೇರೆ ಊರಿನ ಹುಡುಗರು, ಅವರಲ್ಲಿ ಯಲ್ಲಾಪುರದವನೊಬ್ಬ. ನಿಮ್ಮ ಅಪ್ಪ ಆಗ ಕಾಲೇಜಿಗೆ ಹೋಗುತ್ತಿದ್ದ. ಹೋಗುತ್ತಿದ್ದ ಎಂದು ನಾವು ತಿಳಿದಿದ್ದೆವು. ಇದ್ದದ್ದು ಶೆಡ್ಡಿನಲ್ಲೇ. ಒಂದು ದಿನ ಅವನು ಹೊಸ ಹೆಲ್ಮೆಟ್ಟು ಹಿಡಿದುಕೊಂಡು ಅಡಿಗೆಮನೆಗೆ ಬಂದು, "ಆಯಿ, ಚಂದ ಕಾಣ್ತ್ನಾ?" ಎಂದು ತಲೆಗೆ ಹಾಕಿ ತೋರಿಸಿದ. ನನಗೆ ಅವನ ಮುಖವೇ ಕಾಣಲಿಲ್ಲ.

ಅವತ್ತಿನಿಂದ ನನಗೆ ಬೇಕಾದದ್ದು ಒಂದೇ. ಈ ಮಗ ಆ ಸೀಟಿನಿಂದ ಇಳಿಯಬೇಕು. ಅಜ್ಜನ ಹತ್ತಿರ ಹೇಳಿದೆ.

"ಬ್ಯಾಡ ಅಂದ್ರೆ ಬೇರೆಯವರ ಗಾಡಿ ಹತ್ತ್‌ತ," ಎಂದರು. "ನಮ್ಮ ಗಾಡಿ ಆದ್ರೆ ಬ್ರೇಕು, ಟೈರು ಎಲ್ಲ ಆನೇ ನೋಡ್ತೆ."

ಅವರು ಪ್ರತಿ ಗಾಡಿಯ ಅಡಿಗೂ ಕೆಟ್ಟ ಬೆನ್ನಿನಲ್ಲೇ ನುಸುಳಿ ನೋಡುತ್ತಿದ್ದರು ಎನ್ನುವುದು ನಿಜ. ನಿಮ್ಮ ಅಪ್ಪನ ಗಾಡಿಯ ಅಡಿಯಲ್ಲಿ ಮಲಗಿದವರು ಏಳುವುದು ಎಲ್ಲಕ್ಕಿಂತ ತಡವಾಗುತ್ತಿತ್ತು.

ಎರಡು ಸಾವಿರದ ಇಸವಿಯ ಈಚೆಗೆ, ಯಲ್ಲಾಪುರದ ಕಡೆಯ ಕಾಡಿನಲ್ಲಿ ಒಂದು ರ‍್ಯಾಲಿ. ನನ್ನ ಅಕ್ಕನ ಮನೆ ಯಲ್ಲಾಪುರದಲ್ಲೇ ಆದ್ದರಿಂದ ನಾನೂ ಹೋಗಿದ್ದೆ. ನಿಮ್ಮ ಅಪ್ಪನ ಪಕ್ಕ ಯಾವಾಗಲೂ ಕೂರುತ್ತಿದ್ದ ಸಿದ್ದಾಪುರದ ಹುಡುಗನಿಗೆ ಜ್ವರ ಬಂತೆಂದು, ಅವನ ಬದಲಿಗೆ ಕಾಲೇಜಿನ ಸ್ನೇಹಿತನೊಬ್ಬ ಬಂದಿದ್ದ. ಬನವಾಸಿ ಕಡೆಯ ವ್ಯಾಪಾರಸ್ಥರ ಮನೆಯ ಹುಡುಗ, ನಗುಮುಖದವ. ನನ್ನನ್ನು ಕಂಡು, "ಅತ್ತೀ, ನಿಮ್ಮ ಮಗನ್ನ ಹೂವಿನ್ಹಂಗ ತಂದು ಒಪ್ಪಸ್ತೀನ್ರೀ," ಎಂದಿದ್ದ.

ಗಾಡಿಗಳು ಮುಟ್ಟುವ ಕಡೆಯಲ್ಲಿ ಅಜ್ಜ ವಾಯರ್‌ಲೆಸ್ಸು ಹಿಡಿದು ನಿಂತಿದ್ದರು. ಗಾಡಿಯೊಳಗೆ ಅವರಿಬ್ಬರು ಆಡುವ ಮಾತು ಅದರಲ್ಲಿ ಬರುತ್ತಿತ್ತು. ಒಂದು ಗುಂಡಿ ಒತ್ತಿದರೆ ಇಲ್ಲಿಂದಲೂ ಮಾತಾಡಬಹುದು. ಆದರೆ ಆ ಕಡೆಯವರು ಮಾತಾಡುವ ಹೊತ್ತಿಗೆ ಈ ಕಡೆಯದು ಅವರಿಗೆ ಕೇಳುವುದಿಲ್ಲ. ಬಿಸಿಲಿತ್ತು. ನಾನು ಅವರ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತಿದ್ದೆ. ಕರಕರ ಸಪ್ಪಳದ ನಡುವೆ ಆ ಹುಡುಗನ ದನಿ ಕೇಳುತ್ತಿತ್ತು, "ಬಲಕ್ಕ... ನೆಟ್ಟಗ... ಬಲಕ್ಕ..." ಅಜ್ಜ ಕಣ್ಣುಮುಚ್ಚಿ ತಲೆಯಾಡಿಸುತ್ತಿದ್ದರು. ಆ ರಸ್ತೆ ಅವರಿಗೆ ಬಾಯಿಪಾಠ. ಒಂದು ಕಡೆ ರಸ್ತೆ ಕವಲಾಗುತ್ತದೆ. ಎಡಕ್ಕೆ ಹೋದರೆ ಸರಿ. ನೇರ ಹೋದರೆ ಹಿಂದೆ ಮರದ ನಾಟಾ ಸಾಗಿಸುತ್ತಿದ್ದ ರಸ್ತೆ, ಮುಂದೆ ಅದರ ಮೋರಿ ಕುಸಿದು ಹೊಂಡ ಬಿದ್ದಿದೆ.

ಆಗ ನಿಮ್ಮ ಅಪ್ಪನ ದನಿ ಬಂತು. ಧೂಳಿನಲ್ಲಿ ಅವನಿಗೆ ಅನುಮಾನ ಬಂದಿರಬೇಕು.

"ಎಡಕ್ಕೆ ತಿರುವು ಇದ್ದಾ?"

"ಇಲ್ಲೇ!" ಎಂದ ಆ ಹುಡುಗ.

ಅವನು ಹೇಳಿದ್ದು ಇದೇ ಜಾಗದಲ್ಲಿ, ಈಗಲೇ ತಿರುಗಿಸು ಎಂದು. ಅವನ ಊರಿನ ಮಾತಿನಲ್ಲಿ ಅದಕ್ಕೆ ಬೇರೆ ಅರ್ಥವೇ ಇಲ್ಲ. ನಮ್ಮ ಮನೆ ಮಾತಿನಲ್ಲಿ "ಇಲ್ಲೆ" ಎಂದರೆ ಇಲ್ಲ ಎಂದು ಅರ್ಥ. ಎದುರು ಕೂತು ಮಾತಾಡುವಾಗ ಯಾರಿಗೂ ಇದು ತಪ್ಪುವುದಿಲ್ಲ. ದನಿ ಎಳೆದದ್ದು ಕಿವಿಗೆ ಗೊತ್ತಾಗುತ್ತದೆ, ಮುಖ ಕಾಣುತ್ತದೆ. ಹೆಲ್ಮೆಟ್ಟಿನೊಳಗೆ, ಎಂಜಿನ್ನಿನ ಅಬ್ಬರದಲ್ಲಿ ಆ ಎಳೆತ ಎಲ್ಲಿ ಉಳಿಯಬೇಕು? ಮನೆಯಲ್ಲಿ ಹುಟ್ಟಿದಾಗಿನಿಂದ ಕೇಳಿದ್ದನ್ನೇ ನಿಮ್ಮ ಅಪ್ಪ ಕೇಳಿಸಿಕೊಂಡ.

ಅಜ್ಜನಿಗೆ ಎರಡೂ ಮಾತು ಗೊತ್ತಿತ್ತು. ಅವರ ಕಣ್ಣು ತೆರೆಯಿತು. ಗುಂಡಿ ಒತ್ತಿ, "ಎಡ! ಎಡ! ಮಾಣಿ, ಎಡ!" ಎಂದು ಕೂಗಿದರು. ಅತ್ತಲಿಂದ ಆ ಹುಡುಗನೂ "ಇಲ್ಲೇ, ಇಲ್ಲೇ" ಎಂದು ಕೂಗುತ್ತಲೇ ಇದ್ದಿರಬೇಕು. ಇವರ ದನಿ ಹೋಗಲಿಲ್ಲ. ನಾನು ಎದ್ದು ನಿಂತಿದ್ದೆ. ಆಮೇಲೆ ವಾಯರ್‌ಲೆಸ್ಸಿನಲ್ಲಿ ಬರೀ ಕರಕರ.

ಹೊಂಡದಿಂದ ಇಬ್ಬರನ್ನೂ ಎತ್ತಿ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ನಿಮ್ಮ ಅಪ್ಪನ ಎಡಭುಜ, ಪಕ್ಕೆಲುಬು ಮುರಿದಿದ್ದವು. ಬಹಳ ದಿನ ಎಚ್ಚರ ತಪ್ಪಿ ತಪ್ಪಿ ಬರುತ್ತಿತ್ತು. ಬನವಾಸಿಯ ಹುಡುಗನ ಕಾಲಿನ ಗಂಟು ಮುರಿದಿತ್ತು. ಅವನು ಗಾಲಿಕುರ್ಚಿಯಲ್ಲಿ ಕೂತು ಪ್ರತಿದಿನ ನಿಮ್ಮ ಅಪ್ಪನ ಕೋಣೆಗೆ ಬಂದು, ಅಜ್ಜನ ಮುಖ ನೋಡಲಾರದೆ ತಲೆತಗ್ಗಿಸಿ ಕೂರುತ್ತಿದ್ದ. ಅಜ್ಜನೇ ಒಂದು ದಿನ ಅವನ ಬೆನ್ನುತಟ್ಟಿದರು. "ತಮಾ, ನೀ ಹೇಳಿದ್ದೂ ಸರಿಯೇ, ಅವ ಕೇಳಿದ್ದೂ ಸರಿಯೇ."

"ಎಂಥಾ ಭಾಷಾರೀ ಕಾಕಾ ನಿಮ್ದು!" ಎಂದ ಹುಡುಗ, ಅಳುತ್ತ. "ಇದ್ದದ್ದು ತೋರ್ಸಿದ್ರ ಇಲ್ಲಂತೀರಿ. ಹೌದು ಅನ್ನಾಕರ ಏನಂತೀರಿ, ಈಗ ಹೇಳಿಬಿಡ್ರಿ."

ಹಾಸಿಗೆಯಲ್ಲಿದ್ದ ನಿಮ್ಮ ಅಪ್ಪ ನಗಲಿಕ್ಕೆ ಹೋಗಿ ಪಕ್ಕೆ ಹಿಡಿದುಕೊಂಡು ನರಳಿದ. ಎಚ್ಚರವಾದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅಜ್ಜ ಕೋಣೆಯಿಂದ ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ಕಿಟಕಿಯ ಸರಳು ಹಿಡಿದು ನಿಂತಿದ್ದರು. "ನಂಗೆ ಕೇಳ್ತಿತ್ತು," ಎಂದರು, "ಎಲ್ಲ ಕೇಳ್ತಿತ್ತು." ಮತ್ತೆ ಆ ಮಾತನ್ನು ಅವರು ಬದುಕಿರುವ ತನಕ ಎತ್ತಲಿಲ್ಲ.

ಭುಜ ಕೂಡಿಕೊಂಡಿತು. ಇನ್ನು ಇವನು ಹೆದರಿರುತ್ತಾನೆ ಎಂದು ನಾನು ಒಳಗೊಳಗೇ ಎಣಿಸಿದ್ದೆ. ಅವನು ಸೀದಾ ಶೆಡ್ಡಿಗೆ ಹೋದ. ನಾನು ಚಾ ತೆಗೆದುಕೊಂಡು ಹೋಗಿದ್ದೆ, ಬಾಗಿಲಲ್ಲೇ ನಿಂತೆ.

"ಅಪ್ಪಯ್ಯ, ಮುಂದಿನ ರ‍್ಯಾಲಿಗೆ ನಂಗೆ ಯಾವ ಗಾಡಿ?"

ಅಜ್ಜ ಗಾಡಿಯ ಬಾನೆಟ್ಟಿನೊಳಗೆ ತಲೆಯಿಟ್ಟಿದ್ದರು. ಹೊರಗೆ ತೆಗೆಯಲಿಲ್ಲ. "ನಿಂಗೆ ಸೀಟ್ ಇಲ್ಲೆ."

"ಯಾರಿಗೆ ಕೊಟ್ಟೆ?"

"ಯಲ್ಲಾಪುರದ ಮಾಣಿಗೆ."

"ಅವಂಗೆ ಗೇರ್ ಹಾಕೂಲೆ ಬತ್ತಿಲ್ಲೆ!"

"ನಿನ್ಗಿಂತ ಚೊಲೊ ಓಡಸ್ತ. ಹೊಂಡಕ್ಕೆ ಹಾಕ್ತ್ನಿಲ್ಲೆ."

ನಿಮ್ಮ ಅಪ್ಪನ ಮುಖ ಕೆಂಪಾಯಿತು. ನನ್ನ ಕಡೆ ನೋಡಿದ. ಆಯಿ ಏನಾದರೂ ಹೇಳುತ್ತಾಳೆಂದು ಕಾದಿರಬೇಕು. ಅವನು ಸೀಟಿನಿಂದ ಇಳಿಯಬೇಕೆಂದು ದೇವರಿಗೆ ಹೂವು ಹಾಕಿದವಳು ನಾನು. ಅವನು ನನ್ನನ್ನು ದಾಟಿಕೊಂಡು ಹೋದ.

ಅವನು ಹೋದ ಮೇಲೆ ಅಜ್ಜ ತಲೆ ಹೊರಗೆ ತೆಗೆದರು. "ಎಂತಕ್ಕೆ ಸುಳ್ಳು ಹೇಳಿದ್ರಿ?" ಎಂದು ಕೇಳಿದೆ. "ಹೆದ್ರಿಕೆ ಆಗ್ತು ಹೇಳಿ ಹೇಳ್ಲಕ್ಕಿತ್ತು."

"ಓಡ್ಸವಂಗೆ ಹೆದ್ರಿಕೆ ಸುದ್ದಿ ಹೇಳೂಲಾಗ," ಎಂದರು. "ಒಳಗೆ ಹೊಕ್ಕರೆ ತಿರುವಿನಲ್ಲಿ ಕೈ ನಡಗ್ತು. ಸಿಟ್ಟು ಬಂದ್ರೆ ಅಡ್ಡಿಲ್ಲೆ. ಬಿಟ್ಟು ಬೇರೆ ಎಂತಾದ್ರೂ ಮಾಡ್ತ."

ಸಿಟ್ಟು ಬಂದವನು ಬಿಡಲಿಲ್ಲ. ಮೊದಲೊಮ್ಮೆ ಅಜ್ಜನೇ ಹೇಳಿದ್ದಂತೆ ಬೇರೆಯವರ ಗಾಡಿ ಹತ್ತಿದ, ಸ್ವಲ್ಪ ದಿನದಲ್ಲೇ ಮಂಗಳೂರಿನ ಯಾರದೋ ಟೀಮಿಗೆ ಸೇರಿದ. ಯಲ್ಲಾಪುರದ ಹುಡುಗ ನಮ್ಮ ಗಾಡಿ ಓಡಿಸುತ್ತಿದ್ದ. ಒಳ್ಳೆಯ ಹುಡುಗ, ಓಡಿಸುವುದು ಮಾತ್ರ ಅಷ್ಟಕ್ಕಷ್ಟೆ. ಒಮ್ಮೆ ರ‍್ಯಾಲಿಯ ಮುಂಚೆ ಅವನ ತಾಯಿ ಶೆಡ್ಡಿಗೆ ಬಂದಿದ್ದಳು. ಮಗನ ಹಣೆಗೆ ಕುಂಕುಮ ಹಚ್ಚಿ, ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ನಮ್ಮ ಮಗನನ್ನು ಇಳಿಸಿ ಖಾಲಿಯಾದ ಜಾಗಕ್ಕೆ ಅವಳ ಮಗ ಹತ್ತಿದ್ದ. ಅವಳು ಹೋದ ಮೇಲೆ ಅಜ್ಜನಿಗೆ ಹೇಳಿದೆ, "ಆ ಮಾಣಿಗೂ ಆಯಿ ಇದ್ದು."

ಆ ರ‍್ಯಾಲಿಯಿಂದ ಹುಡುಗ ಸುರಕ್ಷಿತವಾಗಿ ಬಂದ. ಆಮೇಲೆ ಅಜ್ಜ ಒಂದೊಂದೇ ಗಾಡಿ ಮಾರಿ ಶೆಡ್ಡಿನಿಂದ ಕಳಿಸಿದರು. ಮಗನ ಮೇಲಿನ ಹಟಕ್ಕೆ ಟೀಮೇ ಮುಚ್ಚಿದ ಎಂದು ಪೇಟೆಯಲ್ಲಿ ಆಡಿಕೊಂಡರು. ನಿಮ್ಮ ಅಪ್ಪನೂ ಹಾಗೆಯೇ ತಿಳಿದ, ಇವತ್ತಿಗೂ ಹಾಗೆಯೇ ತಿಳಿದಿದ್ದಾನೆ. ಮನೆಗೆ ಬಂದರೆ ನನ್ನ ಹತ್ತಿರ ಮಾತಾಡುತ್ತಿದ್ದ. ಅಜ್ಜನ ಹತ್ತಿರ, ಊಟಕ್ಕೆ ಏಳು, ಫೋನು ಬಂತು, ಇಷ್ಟೇ.

ಆದರೆ ನಿಮಗೆ ಗೊತ್ತಿಲ್ಲದ್ದು ಇದು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಕಡೆ ಎಲ್ಲಿ ರ‍್ಯಾಲಿಯಾದರೂ ಅಜ್ಜ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದರು. ಮಾಲಕರು ನಿಲ್ಲುವ ಜಾಗಕ್ಕೆ ಅಲ್ಲ, ಜನ ನಿಲ್ಲುವಲ್ಲಿಗೆ, ಹಗ್ಗದ ಈಚೆಗೆ. ಗುರುತು ಸಿಗಬಾರದೆಂದು ತಲೆಗೆ ಟವೆಲು ಸುತ್ತಿಕೊಳ್ಳುತ್ತಿದ್ದರು. ಈಗ ಕೈಯಲ್ಲಿ ವಾಯರ್‌ಲೆಸ್ಸೂ ಇರಲಿಲ್ಲ, ಗಾಡಿಯ ಬ್ರೇಕು ಯಾರು ನೋಡಿದರೋ ಅದೂ ಗೊತ್ತಿರಲಿಲ್ಲ. ದೂರದಿಂದ ಸಪ್ಪಳ ಬರುತ್ತಿತ್ತು, ಎಲ್ಲ ಗಾಡಿಯದೂ ನನಗೆ ಒಂದೇ. ನಿಮ್ಮ ಅಪ್ಪನದು ಯಾವುದೆಂದು ಅವರಿಗೆ ಗೊತ್ತಾಗುತ್ತಿತ್ತು. "ಬಂತು," ಎಂದು ನನ್ನ ಮುಂಗೈ ಹಿಡಿಯುತ್ತಿದ್ದರು. ಗಾಡಿ ಕಣ್ಣೆದುರು ಹಾಯ್ದು ಹೋಗುವುದರೊಳಗೆ ಧೂಳು ಮುಚ್ಚುತ್ತಿತ್ತು. ಸಪ್ಪಳ ಪೂರ್ತಿ ಅಡಗುವ ತನಕ ಕೈ ಬಿಡುತ್ತಿರಲಿಲ್ಲ. ಪಕ್ಕದವರು ಶಿಳ್ಳೆ ಹಾಕುತ್ತಿದ್ದರು. ನಾವು ಮುಂದಿನ ಬಸ್ಸು ಹಿಡಿದು ಮನೆಗೆ ಬಂದು, ಫೋನಿನ ಹತ್ತಿರ ಕೂರುತ್ತಿದ್ದೆವು.

"ಹೋಗಿ ಒಂದು ಮಾತಾಡ್ಸಿ," ಎಂದು ನಾನು ಎಷ್ಟೋ ಸಲ ಹೇಳಿದೆ. "ಅವ ಸೀಟಿಂದ ಇಳಿದ ಮೇಲೆ ಹೇಳ್ತೆ," ಎನ್ನುತ್ತಿದ್ದರು. ಅವನು ಇಳಿಯಲಿಲ್ಲ. ಅಷ್ಟರೊಳಗೆ ಅಜ್ಜ ತೀರಿಹೋದರು. ಚಿತೆಯ ಹತ್ತಿರ ನಿಮ್ಮ ಅಪ್ಪ ಕಲ್ಲಿನ ಹಾಗೆ ನಿಂತಿದ್ದನಂತೆ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೆ ಗೊತ್ತಿದ್ದದ್ದು ಶೆಡ್ಡಿನಲ್ಲಿ ಕೇಳಿದ ಮಾತು ಒಂದೇ.

ಈಗ ಹೇಳಬಹುದಲ್ಲ ಎಂದು ನೀವು ಕೇಳಬಹುದು. ಬಾಯಿತನಕ ಬರುತ್ತದೆ. ಅಷ್ಟರಲ್ಲಿ ಅವನು ಕೈಚೀಲಕ್ಕೆ ಹೆಲ್ಮೆಟ್ಟು ತುಂಬುವುದು ಕಾಣುತ್ತದೆ. ಅಪ್ಪಯ್ಯ ಹಗ್ಗದ ಈಚೆಗೆ ನಿಂತಿದ್ದ ಎಂದು ಯಾವುದೋ ತಿರುವಿನಲ್ಲಿ ಅವನಿಗೆ ನೆನಪಾದರೆ? ಜನರ ಗುಂಪಿನ ಕಡೆ ಒಮ್ಮೆ ಕಣ್ಣು ಹೊರಳಿದರೆ? ಅಜ್ಜನಿಗಿದ್ದ ಹೆದರಿಕೆ ಈಗ ನನ್ನ ಪಾಲಿಗೆ ಬಂದಿದೆ. ಹೇಳಿದರೂ ಕಷ್ಟ, ಹೇಳದೆ ನಾನು ಸತ್ತರೂ ಕಷ್ಟ.

ಅದಕ್ಕೆ, ಅಪ್ಪಿ, ಪುಟ್ಟಿ, ಈ ಹಾಳೆಗಳು ನಿಮ್ಮ ಹತ್ತಿರ ಇರಲಿ. ಅಪ್ಪನ ಕಣ್ಣಿಗೆ ಬೀಳುವ ಜಾಗದಲ್ಲಿ ಇಡಬೇಡಿ. ಅವನಾಗಿಯೇ ಇನ್ನು ಓಡಿಸುವುದಿಲ್ಲ ಎಂದು ಹೇಳುವ ದಿನ ಬಂದರೆ, ಆ ದಿನ ಕೊಡಿ. ಅಲ್ಲಿಯ ತನಕ ನೀರು ತಾಗದಂತೆ, ಗೆದ್ದಲು ಹಿಡಿಯದಂತೆ ಜೋಪಾನ ಮಾಡಿ.